ಬನ್ನಿನ ಗಾಡಿಗೆ ಮೇಸ್ತ್ರಿ ಹತ್ತಿದ್ದು

"ಬಾಗ್ಲು ಆಕು," ಅಂದಳು ಮುನಿಗಂಗಮ್ಮ, ಗಾಡಿಯ ಒಳಗೆ ಕೂತುಕೊಂಡೇ.

ಚಲಪತಿ ಬಾಯಿ ಬಿಟ್ಟುಕೊಂಡು ನಿಂತ. ಬಂಗಾರಪೇಟೆಯ ರೈಲ್ವೆ ಗೇಟಿನ ಆಚೆ, ಹಳೇ ಗಾಡಿಗಳನ್ನು ಕೊಡಿಸುವ ಬ್ರೋಕರ್ ಕೆಲಸ ಅವನದು. ಗಾಡಿ ನೋಡಲು ಬಂದವರು ಟೈರು ಒದೆಯುತ್ತಾರೆ, ಬಾನೆಟ್ ಎತ್ತಿಸುತ್ತಾರೆ, ಹೊಗೆಯ ಬಣ್ಣ ನೋಡಿ ಮೂತಿ ತಿರುವುತ್ತಾರೆ. ಈ ಹೆಂಗಸು ನೋಡಿದರೆ ಹಿಂದಿನ ಡಬ್ಬದೊಳಕ್ಕೆ ಹತ್ತಿ, ತಗಡಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಾಳೆ.

"ಉಸಿರು ಕಟ್ತದಮ್ಮೋ."

"ಕಟ್ಲಿ. ಇಂಜಿನ್ ಸ್ಟಾರ್ಟ್ ಮಾಡು. ನಾನು ಒಳಗಿಂದ ತಟ್ಟೋವರ್ಗೂ ತೆಗೀಬ್ಯಾಡ."

ಬಾಗಿಲು ಬಿತ್ತು. ಕತ್ತಲಾಯಿತು. ಇಂಜಿನ್ನು ಗುಡುಗಿ, ಆಮೇಲೆ ಒಂದೇ ಸಮನೆ ಗೊರಗೊರ ಅನ್ನತೊಡಗಿತು. ಸದ್ದು ಎಲ್ಲಿಂದ ಬರುತ್ತಿದೆ, ನೆಲದಿಂದಲೋ ಗೋಡೆಯಿಂದಲೋ, ತೊಡೆಗೆ ಎಷ್ಟು ನಡುಕ ತಾಗುತ್ತಿದೆ, ಎಲ್ಲಿ ಕಾವು ಏರುತ್ತಿದೆ ಎಂದು ಅವಳು ಕಣ್ಣು ಮುಚ್ಚಿ ನೋಡಿದಳು. ತನಗಾಗಿ ನೋಡುತ್ತಿರಲಿಲ್ಲ. ತನಗಿಂತ ಹತ್ತು ಪಾಲು ಚುರುಕಾದ ಬೆಕ್ಕಿನ ಕಿವಿಗಳಿಗಾಗಿ ನೋಡುತ್ತಿದ್ದಳು. ಬೆಳಗಿನಿಂದ ಇದು ನಾಲ್ಕನೆಯ ಗಾಡಿ.

ತಟ್ಟಿದಳು. ಬಾಗಿಲು ತೆರೆಯಿತು.

"ಏನ್ ತಾಯಿ ನೋಡ್ದೆ ಒಳಗೆ?"

"ಸದ್ದು."

"ಪಿಲ್ಲಿಗೆ ಗಂಡು ನೋಡೋಕ್ ಬಂದಂಗ್ ಆಡ್ತೀಯಲ್ಲಮ್ಮಾ! ಬೆಕ್ಕು ಒಪ್ಪಿದ್ರೇನೇ ಮದುವೆ ಅನ್ನು."

"ಅಂಗೇ ಅನ್ಕೊ," ಅಂದಳು ಮುನಿಗಂಗಮ್ಮ. ನಗಲಿಲ್ಲ. ಕೋಪವೂ ಬರಲಿಲ್ಲ.

ಎರಡು ವರ್ಷದಿಂದ ಅವಳಿಗೆ ಎರಡೂ ಬರುತ್ತಿರಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಕಾಲು ಇದೆ ಅಂತ ಗೊತ್ತು, ಚಿವುಟಿದರೆ ಮಾತ್ರ ಬೇರೆ ಯಾರದೋ ಕಾಲು ಚಿವುಟಿದ ಹಾಗೆ; ಆ ಜೋಮು ಅವಳ ಎದೆಗೆ ಹಿಡಿದಿತ್ತು. ಗಂಡ ಜಯರಾಮಪ್ಪ ಹರೆಯದಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮೈಸೂರು ಮೈನ್ಸಿನ ಕೆಳಗಿಳಿದು ಕಲ್ಲಿನ ಧೂಳು ಕುಡಿದವನು. ಗಣಿ ನಿಂತಿತು, ಧೂಳು ಎದೆಯಲ್ಲೇ ಉಳಿಯಿತು. ಉರಿಗಾಂನ ಸಾಲುಮನೆಯ ಬಾಗಿಲಲ್ಲಿ ಮಂಚ ಹಾಕಿಕೊಂಡು ವರ್ಷಗಟ್ಟಲೆ ಕೆಮ್ಮಿದ, ಕೆಮ್ಮಿನ ನಡುವೆ ಬೆಕ್ಕುಗಳಿಗೆ ಹೆಸರಿಟ್ಟ, ಒಂದು ಮಧ್ಯಾಹ್ನ ಸತ್ತ. ಅವತ್ತು ಬೀದಿಯೆಲ್ಲ ಅತ್ತಿತು, ಇವಳು ಅಳಲಿಲ್ಲ. "ಕಲ್ಲು ಕಣಮ್ಮ ಇವ್ಳು" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಚಿನ್ನ ಹೊತ್ತು ಕೊಟ್ಟವನಿಗೆ ಈ ನಾಡು ಕೊಟ್ಟದ್ದು ಕೆಮ್ಮು. ಅದನ್ನು ಕೇಳಬೇಕಾದವರು ಯಾರೂ ಕೇಳಲಿಲ್ಲ. ಅವನ ಹೆಂಡತಿ ಯಾಕೆ ಅಳಲಿಲ್ಲ ಎಂದು ಕೇಳಲು ಮಾತ್ರ ಊರಿಗೆ ಊರೇ ಇತ್ತು.

ಹೊಟ್ಟೆಪಾಡು ಅವಳದು ಒಣಮೀನು. ಮದರಾಸಿನ ಕಡೆಯಿಂದ ರೈಲಿನಲ್ಲಿ ಬರುವ ಮೂಟೆಗಳನ್ನು ಬಂಗಾರಪೇಟೆಯಲ್ಲಿ ಇಳಿಸಿಕೊಂಡು, ತನ್ನ ಲಗೇಜ್ ಆಟೋದಲ್ಲಿ ಹೇರಿ, ಬೇತಮಂಗಲ, ಬೂದಿಕೋಟೆ, ಕಾಮಸಮುದ್ರ ಎಂದು ಸಂತೆಯಿಂದ ಸಂತೆಗೆ ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ನೆತ್ತಲಿ, ವಾಳೆ, ಸೀಗಡಿ. ರಾಗಿಮುದ್ದೆಯ ಪಕ್ಕಕ್ಕೆ ಒಣಮೀನಿನ ಸಾರಿಲ್ಲದೆ ಎಷ್ಟೋ ಮನೆಗಳಲ್ಲಿ ಭಾನುವಾರ ಭಾನುವಾರದ ಹಾಗಿರುವುದಿಲ್ಲ.

ಹೋದ ಮಳೆಗಾಲದಲ್ಲಿ ಸಾಲುಮನೆಯ ಮಾಡು ಕುಸಿಯಿತು. ಅರ್ಧ ಮನೆಗೆ ಆಕಾಶ ಬಂತು. ಇಡೀ ಸಾಲೇ ಬಿರುಕು ಬಿಟ್ಟಿದೆ, ಸಂಕ್ರಾಂತಿ ಕಳೆದ ಮೇಲೆ ಕೆಡವುತ್ತಾರೆ ಎಂದು ಗೊತ್ತಾಯಿತು. ಪಕ್ಕದ ಮನೆಯ ಸೆಲ್ವಿ ಆಂಡರ್ಸನ್‌ಪೇಟೆಯ ಮಗಳ ಮನೆಗೆ ಹೊರಡುವವಳಿದ್ದಳು. ಮುನಿಗಂಗಮ್ಮನಿಗೆ ಮಕ್ಕಳಿರಲಿಲ್ಲ. ಬಾಡಿಗೆ ಮನೆ ಹುಡುಕತೊಡಗಿದಳು.

ನಮ್ಮ ಊರುಗಳಲ್ಲಿ ಮನೆ ಕೇಳಲು ಹೋದವರ ಹೆಸರನ್ನು ಮೊದಲು ಕೇಳುವುದಿಲ್ಲ. "ನಿಮ್ದು ಯಾವ ಜನ?" ಅನ್ನುತ್ತಾರೆ. ಅದೂ ನೇರವಾಗಿ ಅಲ್ಲ, ಕಾಫಿ ಕೊಡುವಷ್ಟು ನಯವಾಗಿ. ಆ ಪ್ರಶ್ನೆ ದಾಟಿದರೆ ಮೂಗು ಬರುತ್ತದೆ. ಬಂಗಾರಪೇಟೆಯಲ್ಲಿ ವೆಂಕಟೇಶಪ್ಪನವರ ಔಟ್‌ಹೌಸ್ ಖಾಲಿ ಇದೆ ಎಂದು ಕೇಳಿ ಹೋದಾಗ ಅವರ ಹೆಂಡತಿ ಅಂಬಿಕ ಗೇಟಿನ ಒಳಗೇ ನಿಂತು ಮಾತಾಡಿದಳು. ಅಂಬಿಕ ಪ್ರತಿ ವಾರ ಸಂತೆಯಲ್ಲಿ ಇವಳ ಹತ್ತಿರವೇ ನೆತ್ತಲಿ ಕೊಳ್ಳುವವಳು. ಒಂದು ಹಿಡಿ ಮೇಲೆ ಹಾಕದಿದ್ದರೆ ಜಾಗ ಬಿಟ್ಟು ಕದಲದವಳು.

"ನಂಗೇನಿಲ್ಲ ಗಂಗಮ್ಮ, ನಾನೂ ತಿಂತೀನಿ. ಆದ್ರೆ ಮೂಟೆ ಮನೇಲಿಟ್ರೆ ವಾಸನೆ ಗೋಡೆಗೇ ಇಳೀತದೆ ನೋಡು. ಆಮೇಲೆ ನಿನ್ ಬೆಕ್ಕುಗಳು. ಬೆಕ್ಕು ಅಡ್ಡ ಬಂದ್ರೆ ನಮ್ ಯಜಮಾನ್ರು ಗಾಡೀನೇ ತೆಗ್ಯಲ್ಲ. ಮೂರಿದ್ರೆ ಅವ್ರು ಡ್ಯೂಟಿಗೆ ಓಗೋದ್ ಯಾವಾಗ?"

"ಬೆಕ್ಕು ಬಿಟ್ಟು ಬಂದ್ರೆ?" ಅಂತ ಕೇಳಿದ್ದು ಮುನಿಗಂಗಮ್ಮನಲ್ಲ, ಪಕ್ಕದ ಮನೆಯ ಕಾಂಪೌಂಡಿನಿಂದ ಇನ್ನೊಬ್ಬ ಹೆಂಗಸು ಕೇಳಿದಳು, ಉಪಕಾರ ಮಾಡುವವಳ ಹಾಗೆ.

"ಬೆಕ್ಕು ಬಿಟ್ರೂ ಮೀನ್ ವಾಸ್ನೆ ಬಿಡ್ತದಾ?" ಅಂದಳು ಅಂಬಿಕ.

ಅಲ್ಲಿಂದ ನಡೆದು ಬರುವಾಗ ಮುನಿಗಂಗಮ್ಮ ತನ್ನ ಸೆರಗನ್ನು ಒಮ್ಮೆ ಮೂಸಿ ನೋಡಿದಳು. ಏನೂ ಗೊತ್ತಾಗಲಿಲ್ಲ. ತನ್ನ ವಾಸನೆ ತನಗೆ ಬರುವುದಿಲ್ಲ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು. ನೋಯಲಿಲ್ಲ, ಇತ್ತು.

ಇಂಥ ಆರೇಳು ಗೇಟು ನೋಡಿ ಬಂದ ಮೇಲೆ ಅವಳಿಗೆ ಅನ್ನಿಸಿದ್ದು ಇಷ್ಟೆ: ವಾರವೆಲ್ಲ ಸಂತೆ ಸುತ್ತುವವಳಿಗೆ ಒಂದೇ ಕಡೆ ಮನೆ ಯಾಕೆ? ಗಾಡಿ ಮಾರುವವನು ಯಾವ ಜನ ಎಂದು ಕೇಳುವುದಿಲ್ಲ. ಆಟೋ ಕೊಟ್ಟು, ಸ್ವಲ್ಪ ದೊಡ್ಡದು, ಮಲಗಬಹುದಾದ್ದು ತಗೊಂಡರೆ ಮನೆಯೇ ಜೊತೆಗೆ ಬರುತ್ತದೆ.

ಇದನ್ನು ಕೇಳಿ ಸೆಲ್ವಿ ತಲೆ ಚಚ್ಚಿಕೊಂಡಳು.

"ನೀ ಓಗಕ್ಕಾ, ಬೇಡ ಅನ್ನಲ್ಲ. ಬೆಕ್ಕು ಬರುತ್ತಾ? ನಾಯಿ ಆಳ್ ಹಿಂದೆ, ಬೆಕ್ಕು ಮನೆ ಹಿಂದೆ ಅಂತ ನಮ್ಮ ಪಾಟಿ, ನಮ್ಮಜ್ಜಿ ಹೇಳ್ತಿದ್ಳು. ನೀನು ಎಲ್ಲಿದ್ರೂ ಅದಕ್ಕೇನು? ಅದಕ್ಕೆ ಈ ಗೋಡೆ ಬೇಕು."

"ಗೋಡೆ ಇರಲ್ಲವಲ್ಲ."

"ಹಂಗಾದ್ರೆ ಗೋಣಿಚೀಲದಲ್ಲಿ ಕಟ್ಟಿ, ಮೂರ್ ಸುತ್ತು ಸುತ್ತಿ, ಗಾಡೀಲಿ ಬಿಡು. ದಾರಿ ಮರೆತೋಗುತ್ತೆ."

ಮುನಿಗಂಗಮ್ಮ ಗೋಡೆಯ ಮೇಲೆ ಕೂತಿದ್ದ ಮುದಿ ಗಂಡುಬೆಕ್ಕನ್ನು ನೋಡಿದಳು. ಅದರ ಒಂದು ಕಿವಿ ಹರಿದಿತ್ತು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಬುಡದಲ್ಲಿ, ಬಾಯಿ ಕಟ್ಟಿದ ಚೀಲದಲ್ಲಿ ಸಿಕ್ಕ ಮರಿ ಅದು. ಯಾರೋ ಮನೆ ಬದಲಾಯಿಸುವಾಗ ಎಸೆದು ಹೋಗಿದ್ದರು. ಜಯರಾಮಪ್ಪ ಚೀಲ ಬಿಚ್ಚಿ ಮನೆಗೆ ತಂದಿದ್ದ. ತಂದ ದಿನವೇ ಅದು ಗೋಡೆ ಹತ್ತಿ, ಎಲ್ಲರ ಕೆಲಸ ನೋಡುತ್ತಾ ತಾನು ಮಾತ್ರ ಸುಮ್ಮನೆ ಕೂತಿತು. ಅದಕ್ಕೇ ಮೇಸ್ತ್ರಿ ಅಂತ ಹೆಸರು. ಆಮೇಲೆ ಬಂದ ಕಪ್ಪು ಹೆಣ್ಣು, ಕತ್ತಲಾದ ಮೇಲೆ ಹೋಗಿ ಬೆಳಗ್ಗೆ ಬರುವುದು, ನೈಟ್‌ಶಿಫ್ಟ್. ಹಳದಿಯದನ್ನು ಸೆಲ್ವಿಯೇ ಪೊನ್ನಿ ಎಂದು ಕರೆದಳು. ಪೊನ್ನು ಅಂದರೆ ಚಿನ್ನ, ಕೆಜಿಎಫ್‌ನಲ್ಲಿ ಇನ್ನೂ ಉಳಿದ ಚಿನ್ನ ಇದೊಂದೇ ಅಂತ.

ಚೀಲಕ್ಕೆ ಹಾಕುವ ಮಾತೇ ಇರಲಿಲ್ಲ. ಕರುಣೆಯ ಮಾತು ಹಾಗಿರಲಿ, ಕೆಲಸದ ಮಾತೂ ಅದೇ: ಗಾಡಿಮನೆಯ ಬಾಗಿಲನ್ನು ದಿನಾ ಒಂದೊಂದು ಊರಲ್ಲಿ ತೆರೆಯಬೇಕು. ಚೀಲದಲ್ಲಿ ಬಂದ ಬೆಕ್ಕು ಮೊದಲ ಸಂತೆಯಲ್ಲೇ ಹಾರಿ ಓಡುತ್ತದೆ, ಸಂಜೆಗೆ ನಾಯಿಗಳ ಪಾಲು. ತಾವಾಗಿ ಹತ್ತಿ, ಇದೇ ಮನೆ ಎಂದು ಒಪ್ಪಿದರೆ ಮಾತ್ರ ತಿರುಗಿ ಬಂದಾವು. ಗೋಡೆ ಬೀಳುವುದರೊಳಗೆ ಆ ಮೂರೂ ತಾವಾಗಿ ಹತ್ತಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಅದಕ್ಕೇ ಬಂಗಾರಪೇಟೆಯಲ್ಲಿ ಗಾಡಿಯ ಒಳಗೆ ಕೂತು ಬಾಗಿಲು ಹಾಕಿಸಿಕೊಂಡದ್ದು. ಚಲಪತಿ ಮೊದಲು ತೋರಿಸಿದ್ದು ಆಮ್ನಿ ವ್ಯಾನು. ಇಂಜಿನ್ನು ಸೀಟಿನ ಕೆಳಗೇ. ಬೆಕ್ಕು ಮಲಗಲು ಹುಡುಕುವ ಜಾಗವೂ ಅದೇ. ಬೇಡ ಅಂದಳು. ಎರಡನೆಯದು ಫ್ಯಾಕ್ಟರಿ ಹೆಣ್ಣುಮಕ್ಕಳನ್ನು ಸಾಗಿಸಿ ಸವೆದ ಟೆಂಪೋ ಟ್ರಾವೆಲರ್. ಉದ್ದಕ್ಕೆ ಮಲಗಬಹುದು, ಎದ್ದು ಬಗ್ಗಿ ನಡೆಯಬಹುದು. ಚಲಪತಿ ಅದನ್ನು ಹೊಗಳಿ ಹೊಗಳಿ ಬಾಯಿ ಒಣಗಿಸಿಕೊಂಡ.

"ಸುತ್ತಾ ಗಾಜು," ಅಂದಳು.

"ಗಾಳಿ ಬೆಳಕಮ್ಮಾ!"

"ಬೆಕ್ಕು ನೋಡಬೇಕು, ಬೆಕ್ಕನ್ನ ಯಾರೂ ನೋಡಬಾರ್ದು. ಗಾಜಿನ ಪೆಟ್ಗೇಲಿ ಅವು ಕೂರಾಕಿಲ್ಲ."

ಮೂರನೆಯದು ಗೋಬಿ ಮಂಚೂರಿ ಮಾರುತ್ತಿದ್ದ ಕ್ಯಾಂಟೀನ್ ಗಾಡಿ. ಒಂದು ಮಗ್ಗುಲು ಪೂರ್ತಿ ಮೇಲಕ್ಕೆ ತೆರೆಯುವಂಥದ್ದು. ಅದನ್ನು ತೆರೆದರೆ ಮನೆಯೇ ಇಲ್ಲ, ಬರೀ ಬೀದಿ. ನಾಲ್ಕನೆಯದು ಇದು, ಬೇಕರಿಯವರ ಬನ್ನು ಬ್ರೆಡ್ಡು ಹೊತ್ತ ಡಬ್ಬ ಬಾಡಿಯ ಟಾಟಾ ಏಸ್. ಕಿಟಕಿಯಿಲ್ಲ. ಎರಡೂ ಗೋಡೆಗೆ ಮೇಲಿನವರೆಗೆ ಕಬ್ಬಿಣದ ರ್‍ಯಾಕು, ಬನ್ನಿನ ಟ್ರೇ ಜೋಡಿಸಲು ಮಾಡಿದ್ದು. ಮುನಿಗಂಗಮ್ಮ ಮೇಲಿನ ಅಂತಸ್ತನ್ನು ಕೈಯಿಂದ ಒತ್ತಿ ನೋಡಿದಳು. ಅಲ್ಲಿ ಮೇಸ್ತ್ರಿ ಕೂತದ್ದು ಅವಳಿಗೆ ಕಂಡಿತು. ನಡುವಿನ ನೆಲದಲ್ಲಿ ಅವಳು ಕಾಲು ಚಾಚುವಷ್ಟು ಜಾಗ. ಸದ್ದು ಮುಂದಿನಿಂದ ಮಾತ್ರ ಬರುತ್ತಿತ್ತು, ಹಿಂದಿನ ಮೂಲೆ ತಣ್ಣಗಿತ್ತು.

"ಇದಾಗ್ತದೆ. ಎರಡು ಕಡೆ ತೂತು ಕೊಯ್ದು ಜಾಲರಿ ಆಕ್ಸ್ಕೊಡು. ಮುಂದಿನ ಸೀಟಿಗೊಂದು ಕಿಂಡಿ. ಮೇಲೆ ತೆಂಗಿನ ನಾರಿನ ಚಾಪೆ ಕಟ್ಸು, ತಗಡು ಕಾಯ್ತದೆ."

"ಎಸಿ ಬ್ಯಾಡ್ವಾ ಪಿಲ್ಲಿಗೆ?" ಅಂದ ಚಲಪತಿ.

"ನೀನೇ ಬಂದು ಬೀಸಣಿಗೆ ಬೀಸು," ಅಂದಳು. ಅವನು ನಕ್ಕ. ಜಾಲರಿ ಮಾತ್ರ ಚೆನ್ನಾಗಿಯೇ ಹಾಕಿಸಿಕೊಟ್ಟ.

ಗಾಡಿ ಉರಿಗಾಂಗೆ ಬಂತು. ಮನೆಯ ಬಾಗಿಲಿಗೆ ಎದುರಾಗಿ ನಿಲ್ಲಿಸಿದಳು. ಆಮೇಲೆ ಅವಳು ಮಾಡಿದ್ದು ನಮ್ಮ ಕಡೆ ಹೊಸ ಗಾಡಿ ತಂದವರೆಲ್ಲ ಮಾಡುವುದೇ, ಸ್ವಲ್ಪ ಹೆಚ್ಚಾಗಿ. ಬಕೆಟ್ಟುಗಟ್ಟಲೆ ನೀರು ಹಾಕಿ ಒಳಗೆಲ್ಲ ತೊಳೆದಳು. ನೀರಿಗೆ ಫಿನಾಯಿಲು. ತೊಳೆದದ್ದನ್ನೇ ಮತ್ತೆ ತೊಳೆದಳು. ರ್‍ಯಾಕಿನ ಸಂದುಸಂದನ್ನೂ ನಿಂಬೆಹೋಳಿನಿಂದ ತಿಕ್ಕಿದಳು. ಹೊಸ ಚಾಪೆ, ಹೊಸ ಬೆಡ್‌ಶೀಟು. ಮೀನಿನ ಮೂಟೆಗಳಿಗೆ ಎರಡೆರಡು ಪ್ಲಾಸ್ಟಿಕ್ ಹೊದಿಸಿ, ದಾರ ಬಿಗಿದು, ಗಾಡಿಯ ನೆತ್ತಿಯ ಮೇಲೆ ಟಾರ್ಪಾಲು ಹೊದಿಸಿ ಕಟ್ಟಿದಳು. ಒಳಕ್ಕೆ ತರಲೇ ಇಲ್ಲ. ಕೊನೆಗೆ ಅರಿಶಿನ ಕುಂಕುಮ, ಮುಂದೆ ನಿಂಬೆ ಮೆಣಸಿನಕಾಯಿ, ಚಕ್ರಕ್ಕೊಂದೊಂದು ನಿಂಬೆಹಣ್ಣು, ಒಳಗೂ ಹೊರಗೂ ಕರ್ಪೂರ.

ಸೆಲ್ವಿ ಬಂದು ಒಳಗೆ ಇಣುಕಿ ಮೂಗರಳಿಸಿದಳು.

"ಎನ್ನಕ್ಕಾ ಇದು, ಗಾಡಿಯಾ ಕೋಯಿಲಾ? ಒಳಗೆ ಬಂದ್ರೆ ಕೈಮುಗೀಬೇಕು ಅನ್ನಿಸ್ತದೆ."

"ಮೀನ್ ವಾಸ್ನೆ ಐತಾ ನೋಡು."

"ಮೀನಾ? ದೇವರೇ ವಾಸ ಮಾಡ್ಬೋದು."

ದೇವರು ಬಂದನೋ ಏನೋ, ಬೆಕ್ಕು ಬರಲಿಲ್ಲ.

ಬಾಗಿಲು ತೆರೆದಿಟ್ಟು, ಒಳಗೆ ಅನ್ನಕ್ಕೆ ಹಾಲು ಕಲಸಿಟ್ಟಳು. ಪೊನ್ನಿ ಮೆಟ್ಟಿಲವರೆಗೆ ಬಂದು, ಮೂತಿ ಚಾಚಿ, ಸೀನಿ, ಬಾಲ ಎತ್ತಿಕೊಂಡು ಹೋಯಿತು. ನೈಟ್‌ಶಿಫ್ಟ್ ದೂರದಿಂದಲೇ ಸುತ್ತು ಹಾಕಿತು. ಮೇಸ್ತ್ರಿ ಗೋಡೆಯ ಮೇಲಿಂದ ನೋಡಿತು, ಇಂಥ ಕೆಲಸಕ್ಕೆ ತಾನು ಸಹಿ ಹಾಕುವುದಿಲ್ಲ ಎಂಬಂತೆ. ಹಾಲನ್ನ ಹುಳಿಯಾಯಿತು. ಮರುದಿನವೂ ಹಾಗೇ. ಅದರ ಮರುದಿನ ಬೀದಿಯ ಆ ತುದಿಗೆ ಜೆಸಿಬಿ ಬಂದು ನಿಂತಿತು. ಸೆಲ್ವಿಯ ಸಾಮಾನು ಆಟೋ ಹತ್ತಿತು.

"ಚೀಲ ಕೊಡ್ಲಾ?" ಅಂದಳು ಸೆಲ್ವಿ, ಹೊರಡುವಾಗ, ತಗ್ಗಿದ ದನಿಯಲ್ಲಿ. ಈ ಸಲ ಅದರಲ್ಲಿ ತಮಾಷೆ ಇರಲಿಲ್ಲ.

"ಬ್ಯಾಡ."

"ಅಳೋದಾದ್ರೆ ಅತ್ತುಬಿಡಕ್ಕಾ."

"ಬರ್ತಿಲ್ಲ ಸೆಲ್ವಿ," ಅಂದಳು ಮುನಿಗಂಗಮ್ಮ. ನೀರು ಬಾರದ ನಲ್ಲಿಯ ವಿಷಯ ಹೇಳಿದ ಹಾಗಿತ್ತು.

ಅವತ್ತು ಕಾಮಸಮುದ್ರದ ಸಂತೆ. ಇಡೀ ದಿನ ಮೀನು ತೂಗಿ ಸಂಜೆ ಮನೆಗೆ ಬಂದಾಗ ಗಾಡಿ ಇನ್ನೂ ನಿಲ್ಲುವುದರೊಳಗೆ ಪೊನ್ನಿ ಓಡಿ ಬಂತು. ಇಳಿದವಳ ಕಾಲಿಗೆ, ಸೀರೆಯ ಅಂಚಿಗೆ ಕೆನ್ನೆ ಉಜ್ಜಿತು. ನೈಟ್‌ಶಿಫ್ಟ್ ಅವಳ ಅಂಗೈ ನೆಕ್ಕಿತು. ಹಿಂದಿನ ಬಾಗಿಲು ತೆರೆಯಲು ಹೋದಳು. ಎರಡೂ ಅವಳ ಹಿಂದೆಯೇ ಬಂದವು. ಬಾಗಿಲು ತೆರೆಯಿತು. ಫಿನಾಯಿಲು, ಕರ್ಪೂರ. ಎರಡೂ ಅಲ್ಲೇ ನಿಂತವು, ತಿರುಗಿದವು, ಮಾಡು ಕುಸಿದ ಮನೆಯೊಳಕ್ಕೆ ಹೋದವು.

ಅವಳೂ ಹಿಂದೆ ಹೋಗಿ ನೋಡಿದಳು. ವರ್ಷಗಟ್ಟಲೆ ಮೀನಿನ ಮೂಟೆ ಇಡುತ್ತಿದ್ದ ಮೂಲೆ. ಉಪ್ಪು ಕುಡಿದು ನೆಲ ಅಲ್ಲಿ ಕಪ್ಪಗಾಗಿತ್ತು. ಬಿಟ್ಟು ಹೋಗೋಣ ಅಂತ ಎಸೆದಿದ್ದ ಹಳೇ ಗೋಣಿತಟ್ಟುಗಳು ಅಲ್ಲೇ ಬಿದ್ದಿದ್ದವು. ಮೂರೂ ಅವುಗಳ ಮೇಲೆ ಒಂದರ ಮೈಗೆ ಒಂದು ಒತ್ತಿಕೊಂಡು ಮಲಗಿದ್ದವು. ತಲೆಯ ಮೇಲೆ ಮಾಡು ಇಲ್ಲ. ಬೆಕ್ಕುಗಳಿಗೆ ಅದೊಂದು ವಿಷಯವೇ ಆಗಿರಲಿಲ್ಲ.

ಮುನಿಗಂಗಮ್ಮ ಬಾಗಿಲ ಹೊಸ್ತಿಲಲ್ಲಿ ಕೂತಳು. ಸೆರಗನ್ನು ಮೂಗಿಗೆ ಹಿಡಿದಳು. ಈಗಲೂ ಏನೂ ಗೊತ್ತಾಗಲಿಲ್ಲ. ಆದರೆ ತಾನು ಮಾಡಿದ್ದೇನು ಎಂಬುದು ಗೊತ್ತಾಯಿತು. ಬೆಕ್ಕಿಗೆಂದು ಗಾಡಿ ಆರಿಸಿದಳು. ಸದ್ದು ನೋಡಿದಳು, ಕಾವು ನೋಡಿದಳು, ಎತ್ತರ ನೋಡಿದಳು. ಆಮೇಲೆ ಆ ಗಾಡಿಯನ್ನು ಅಂಬಿಕನ ಮೂಗಿಗೆ ತಕ್ಕಂತೆ ತೊಳೆದಳು. ವೆಂಕಟೇಶಪ್ಪನವರು ಸಂತೋಷವಾಗಿ ಬಾಡಿಗೆಗೆ ಕೊಡುವಂಥ ಮನೆಯೊಂದನ್ನು ಸಿದ್ಧ ಮಾಡಿ, ಅದರಲ್ಲಿ ತಾನಿಲ್ಲದ ಹಾಗೆ ನೋಡಿಕೊಂಡಿದ್ದಳು. ಗೇಟಿನ ಒಳಗೆ ನಿಂತವರು ಹೊರಗಿನವರ ತಲೆಯೊಳಗೆ ಹೊಕ್ಕು ತಮ್ಮ ಕೆಲಸ ಮಾಡಿಸುವುದು ಹೀಗೆ. ಅವರು ಬೈಯಲೂ ಬೇಕಿಲ್ಲ. ನಾವೇ ಪೊರಕೆ ಹಿಡಿಯುತ್ತೇವೆ.

ಎದ್ದಳು. ನಿಂಬೆ ಮೆಣಸಿನಕಾಯಿ ಕಿತ್ತು ಬಿಸುಟಳು. ಬರೀ ನೀರು ಸುರಿದು ಸುರಿದು ಗಾಡಿಯನ್ನು ತೊಳೆದಳು, ಬೆಳಗಿನ ಬಿಸಿಲಿಗೆ ಬಾಗಿಲು ತೆರೆದಿಟ್ಟು ಒಣಗಿಸಿದಳು. ಹೊಸ ಬೆಡ್‌ಶೀಟು ತೆಗೆದು, ಸಂತೆಯ ಸೀರೆಯನ್ನು ನೆಲಕ್ಕೆ ಹಾಸಿದಳು. ಮೂಟೆಗಳ ಪ್ಲಾಸ್ಟಿಕ್ಕು ಬಿಚ್ಚಿ ಕೆಳಗಿನ ರ್‍ಯಾಕಿಗೆ ತಂದಳು. ಜಯರಾಮಪ್ಪನ ಮಂಚದ ಮೇಲಿದ್ದ ಕಂಬಳಿಯನ್ನು, ಅದು ಇನ್ನೂ ಒಗೆಯದೇ ಇತ್ತು, ಮೇಲಿನ ಅಂತಸ್ತಿಗೆ ಹಾಸಿದಳು. ಕೊನೆಗೆ ಬೆಕ್ಕುಗಳನ್ನು ಎಬ್ಬಿಸಿ, ಆ ಗೋಣಿತಟ್ಟುಗಳಲ್ಲಿ ಎರಡನ್ನು ಎಳೆದು ತಂದು ಒಳಗೆ ಹಾಕಿ, ತಾನು ದೂರ ಹೋಗಿ ಒಲೆ ಹಚ್ಚಿದಳು. ಕರೆಯಲಿಲ್ಲ.

ಪೊನ್ನಿ ಮೊದಲು ಹತ್ತಿತು. ಆಮೇಲೆ ನೈಟ್‌ಶಿಫ್ಟ್. ಒಳಗಿನಿಂದ ಉಗುರಿನಲ್ಲಿ ಗೋಣಿತಟ್ಟು ಕೆರೆಯುವ ಸದ್ದು ಬಂತು.

ಮೇಸ್ತ್ರಿ ಹತ್ತಲಿಲ್ಲ.

ಮರುದಿನ ಇವರ ಸಾಲಿನ ಸರದಿ. ಜೆಸಿಬಿಯ ಡ್ರೈವರ್ ಒಳ್ಳೆಯವನೇ. "ಅಮ್ಮಾ, ಸ್ವಲ್ಪ ದೂರ ನಿಲ್ಸಿ, ಧೂಳು" ಅಂದ. ಧೂಳು. ಅವಳು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಕಿಂಡಿ ಮುಚ್ಚಿ, ಒಳಗಿನ ಎರಡು ಬೆಕ್ಕುಗಳ ಜೊತೆ ಜಾಲರಿಯಿಂದ ನೋಡಿದಳು. ಮೊದಲ ಏಟಿಗೆ ಮೇಸ್ತ್ರಿ ಗೋಡೆಯಿಂದ ಹಾರಿ ಎಲ್ಲೋ ಮಾಯವಾಯಿತು. ಗೋಡೆ ಬಿತ್ತು. ಮಂಚ ಇದ್ದ ಜಾಗ, ಒಲೆ ಇದ್ದ ಜಾಗ, ಎಲ್ಲ ಒಂದೇ ಮಣ್ಣಾಯಿತು. ಅವಳಿಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸುತ್ತದೇನೋ ಎಂದು ಕಾದು ನೋಡಿದಳು ಸಹ.

ಸಂಜೆ ಯಂತ್ರ ಹೋಯಿತು. ಹೊಗೆಬಣ್ಣದ ಧೂಳು ಕೂತ ಮೇಲೆ ಮೇಸ್ತ್ರಿ ಬಂತು. ಇಟ್ಟಿಗೆ ರಾಶಿಯ ಮೇಲೆ ಮೂಸುತ್ತಾ, ಹತ್ತುತ್ತಾ ಇಳಿಯುತ್ತಾ ಹೋಗಿ ಒಂದು ಕಡೆ ಕೂತಿತು. ಬೇರೆಯವರಿಗೆ ಅದು ಬರೀ ರಾಶಿ. ಅವಳಿಗೆ ಗೊತ್ತಿತ್ತು, ಅದು ಮೀನಿನ ಮೂಲೆ. ಬೆಕ್ಕು ಮನೆ ಹಿಂದೆ ಅಂದಿದ್ದಳಲ್ಲ ಸೆಲ್ವಿ. ಮನೆ ಇಲ್ಲದಿದ್ದರೂ ಅದು ಮನೆಯ ಹಿಂದೆಯೇ ಇತ್ತು.

ಮುನಿಗಂಗಮ್ಮ ಗಾಡಿ ಸ್ಟಾರ್ಟ್ ಮಾಡಿದಳು. ರಿವರ್ಸ್ ಹಾಕಿ, ಕನ್ನಡಿಯಲ್ಲಿ ನೋಡುತ್ತಾ, ಇಟ್ಟಿಗೆ ಚೂರುಗಳ ಮೇಲೆ ಟೈರು ಹತ್ತಿಸಿ, ಇಂಚಿಂಚೇ ಹಿಂದಕ್ಕೆ ತಂದಳು. ಹಿಂಬಾಗಿಲು ಆ ಮೂಲೆಯ ಮಗ್ಗುಲಿಗೆ ಬರುವ ಹಾಗೆ ನಿಲ್ಲಿಸಿ ಇಂಜಿನ್ ಆರಿಸಿದಳು. ಇಳಿದು ಹೋಗಿ ಬಾಗಿಲು ತೆರೆದಳು. ಮುದಿ ಬೆಕ್ಕು ಕೂತಲ್ಲಿಂದ ಮೂತಿ ಎತ್ತಿತು. ಹರಿದ ಕಿವಿ ಒಮ್ಮೆ ಅಲುಗಿತು. ಎದ್ದು, ಮೈಮುರಿದು, ತನ್ನ ಮನೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವ ಹಾಗೆ ಗಾಡಿಯೊಳಕ್ಕೆ ಕಾಲಿಟ್ಟಿತು. ರ್‍ಯಾಕು ಹತ್ತಿ, ಮೇಲಿನ ಅಂತಸ್ತಿನ ಕಂಬಳಿಯನ್ನು ಮುಂಗಾಲಿನಿಂದ ಮೆಲ್ಲಗೆ ತುಳಿದು ತುಳಿದು ಹದ ಮಾಡಿಕೊಂಡು ಮಲಗಿತು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಜೋಮು ಹಿಡಿದ ಕಾಲಿನಲ್ಲಿ ಇರುವೆ ಹರಿದ ಹಾಗೆ ಎದೆಯಲ್ಲಿ ಏನೋ ಚುಮುಚುಮು ಅಂದು ನಿಂತಿತು. ಅಷ್ಟೇ.

ವಾರದ ಕೊನೆಗೆ ಬಂಗಾರಪೇಟೆಯ ಸಂತೆ. ಮುನಿಗಂಗಮ್ಮ ಗಾಡಿಯ ಹಿಂಬಾಗಿಲು ತೆರೆದು, ಅದರ ಮುಂದೆಯೇ ಗೋಣಿ ಹಾಸಿ ಮೀನು ರಾಶಿ ಹಾಕಿದ್ದಳು. ಪೊನ್ನಿ ಚಕ್ರದ ನೆರಳಲ್ಲಿತ್ತು. ನಾಯಿ ಕಂಡರೆ ಒಳಕ್ಕೆ, ನಾಯಿ ಹೋದರೆ ಹೊರಕ್ಕೆ. ಅಂಬಿಕ ಬುಟ್ಟಿ ಹಿಡಿದು ಬಂದಳು, ನೆತ್ತಲಿಯನ್ನು ಕೈಯಲ್ಲಿ ಎತ್ತಿ ಮೂಸಿ ನೋಡಿದಳು.

"ಚೆನ್ನಾಗಿ ಒಣಗೈತೆ. ವಾಸ್ನೆ ಬಂದ್ರೇನೇ ರುಚಿ ನೋಡು. ಮನೆ ಸಿಕ್ತಾ ಗಂಗಮ್ಮ?"

"ಸಿಕ್ತು."

"ಯಾವ ಬೀದಿ?"

"ಇವತ್ತು ಇದೇ ಬೀದಿ."

ಅಂಬಿಕ ತಲೆ ಎತ್ತಿ ಗಾಡಿಯೊಳಗೆ ನೋಡಿದಳು. ಚಾಪೆ, ಮೂಟೆ, ಸೀಮೆಎಣ್ಣೆ ಸ್ಟೌ, ಒಗೆದು ಹಾಕಿದ ರವಿಕೆ. ಮೇಲಿನ ಅಂತಸ್ತಿನಿಂದ ಒಂದೂವರೆ ಕಿವಿಯ ಮುದಿ ಬೆಕ್ಕೊಂದು ಅವಳನ್ನೇ ದಿಟ್ಟಿಸುತ್ತಿತ್ತು. ಅವಳು ಸೆರಗು ಮೂಗಿಗೆ ತಂದು, ಏನೋ ನೆನಪಾಗಿ ಇಳಿಸಿದಳು.

"ಒಂದ್ ಇಡಿ ಮೇಲೆ ಆಕು," ಅಂದಳು.

ಮುನಿಗಂಗಮ್ಮ ತಕ್ಕಡಿ ಎತ್ತಿದಳು. ಮುಳ್ಳು ನಡುವಿಗೆ ಬಂದು ನಿಂತಿತು. ಮೇಲೆ ಒಂದು ಹಿಡಿ ಹಾಕಲಿಲ್ಲ. ಹಾಕದೆ ಇದ್ದದ್ದು ಅದೇ ಮೊದಲು.

"ತೂಕ ಸರಿಯಾಗೈತೆ ಅಂಬಿಕಮ್ಮ," ಅಂದಳು. "ಜರುಗಿ, ಹಿಂದಿರೋರ್ಗೆ ಕೊಡ್ಬೇಕು."